ಅಂಗಡಿಯಲ್ಲ ಎಂದ ಅಂಗಡಿ

2012ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಕಿಕ್‌ಸ್ಟಾರ್ಟರ್ ಸಂಸ್ಥೆ ಒಂದು ಪ್ರಕಟಣೆ ಹೊರಡಿಸಿತು. ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ ಎಂಬುದೇ ಅದರ ತಲೆಬರಹ. ಜನ ಅದನ್ನು ಅಂಗಡಿ ಎಂದುಕೊಳ್ಳದೆ ಇದ್ದಿದ್ದರೆ ಹೀಗೆ ಸಾರುವ ಅಗತ್ಯವೇ ಬೀಳುತ್ತಿರಲಿಲ್ಲ. 2009ರ ಏಪ್ರಿಲ್‌ನಲ್ಲಿ ಶುರುವಾದಾಗ ಅದರ ಲೆಕ್ಕಾಚಾರ ಸರಳವಾಗಿತ್ತು. ಕಲಾವಿದ ತನ್ನ ಯೋಜನೆಯನ್ನೂ ಅದಕ್ಕೆ ಬೇಕಾದ ಮೊತ್ತವನ್ನೂ ಜನರ ಮುಂದಿಡುತ್ತಾನೆ, ಮನಸ್ಸಿದ್ದವರು ವಂತಿಗೆ ಹಾಕುತ್ತಾರೆ. ಗಡುವಿನೊಳಗೆ ಗುರಿ ಮುಟ್ಟಿದರೆ ಹಣ ಅವನದು, ಸಂಸ್ಥೆಗೆ ಶೇ. 5 ಕಮಿಷನ್, ಮುಟ್ಟದಿದ್ದರೆ ಯಾರ ಜೇಬಿನಿಂದಲೂ ಕಾಸು ಹೋಗದು. ವಂತಿಗೆ ಕೊಟ್ಟವನಿಗೆ ಲಾಭದಲ್ಲಿ ಪಾಲಿಲ್ಲ, ಬಡ್ಡಿಯಿಲ್ಲ. ಸಿಗುವುದು ಒಂದು ಮರುಕಾಣಿಕೆ ಮಾತ್ರ. ಇದು ಪೋಷಕತ್ವ, ವ್ಯಾಪಾರವಲ್ಲ ಎಂಬುದು ಸಂಸ್ಥೆಯ ನಿಲುವು. ಆದರೆ ಆಟಗಳ ಮಟ್ಟಿಗೆ ಆಮೇಲಿನ ಚರಿತ್ರೆ ಆ ತಲೆಬರಹವನ್ನು ಸುಳ್ಳು ಮಾಡುತ್ತ ಬಂದಿದೆ. ಹೀಗೆ ಜನರಿಂದ ಹಣ ಎತ್ತುವ ಕ್ರೌಡ್‌ಫಂಡಿಂಗ್ ಅಂಗಡಿಯಾದ ಕಡೆ ಬೆಳೆಯಿತು, ಪೋಷಕತ್ವವಾಗಿಯೇ ಉಳಿಯಲು ನೋಡಿದ ಕಡೆ ಸೊರಗಿತು ಎಂಬುದು ನನ್ನ ವಾದ.

ಪೋಷಕತ್ವದ ಉತ್ತುಂಗ ಆ ಪ್ರಕಟಣೆಗೂ ಮೊದಲು, 2012ರ ಫೆಬ್ರವರಿಯಲ್ಲಿ ಬಂದಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಡಬಲ್ ಫೈನ್ ಕಂಪನಿಯ ಟಿಮ್ ಶೇಫರ್, ಪ್ರಕಾಶಕರು ಕೈಬಿಟ್ಟಿದ್ದ ಹಳೆಯ ಮಾದರಿಯ ಸಾಹಸ ಆಟವೊಂದನ್ನು ಮಾಡುತ್ತೇನೆ ಎಂದು 4 ಲಕ್ಷ ಡಾಲರ್ ಕೇಳಿದರು. ಆಗಿನ್ನೂ ಆಟಕ್ಕೆ ಕಥೆಯಿಲ್ಲ, ಚಿತ್ರವಿಲ್ಲ, ಹೆಸರೂ ಇಲ್ಲ. ಒಂದೇ ದಿನದಲ್ಲಿ 10 ಲಕ್ಷ ದಾಟಿ, ಕೊನೆಗೆ 87,000ಕ್ಕೂ ಹೆಚ್ಚು ಜನರಿಂದ 33 ಲಕ್ಷ ಡಾಲರ್ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಕುಲಾವಿ ದೊಡ್ಡದಾಯಿತೆಂದು ಕೂಸನ್ನೂ ದೊಡ್ಡದು ಮಾಡಲು ಹೊರಟರು. ಹಣ ಎಂಟು ಪಟ್ಟು ಬಂದಿತ್ತು, ಕನಸು ಅದಕ್ಕಿಂತ ಹೆಚ್ಚು ಬೆಳೆದಿತ್ತು. 2013ರ ಜುಲೈಯಲ್ಲಿ ಶೇಫರ್ ಹಣ ಸಾಲದು ಎಂದು ಒಪ್ಪಿಕೊಂಡು ಆಟವನ್ನು ಎರಡು ಭಾಗ ಮಾಡಿದರು. 'ಬ್ರೋಕನ್ ಏಜ್' ಎಂಬ ಹೆಸರಿನಲ್ಲಿ ಮೊದಲರ್ಧ 2014ರ ಜನವರಿಯಲ್ಲಿ, ಉಳಿದರ್ಧ 2015ರ ಏಪ್ರಿಲ್‌ನಲ್ಲಿ ಬಂತು. ಶೇಫರ್ ಮೋಸಗಾರರಲ್ಲ, ಸೋಮಾರಿಯೂ ಅಲ್ಲ. ವಿಡಿಯೋ ಗೇಮಿನ ಖರ್ಚೆಂದರೆ ಮುಖ್ಯವಾಗಿ ಹತ್ತಾರು ಜನರ ವರ್ಷಗಟ್ಟಲೆ ಸಂಬಳ. ಆಟ ಏನೆಂದು ತಿಳಿಯುವ ಮೊದಲೇ ಆ ಸಂಬಳದ ಅಂದಾಜು ಹಾಕುವುದು ಯಾರಿಗೂ ಆಗದು.

ಆದರೆ ಗೆದ್ದ ವಿಡಿಯೋ ಗೇಮುಗಳೂ ಇವೆಯಲ್ಲ ಎಂದು ಕೇಳಬಹುದು. ಇವೆ. ಅವು ಹೇಗೆ ಗೆದ್ದವು ಎಂಬುದೇ ನೋಡಬೇಕಾದದ್ದು. ಇಬ್ಬರೇ ಸೇರಿ ಮಾಡಿದ 'ಎಫ್‌ಟಿಎಲ್' 2012ರಲ್ಲಿ 10,000 ಡಾಲರ್ ಕೇಳಿ 2 ಲಕ್ಷ ಪಡೆಯಿತು, ಅದೇ ವರ್ಷ ಬಿಡುಗಡೆಯೂ ಆಯಿತು. ಹಣ ಕೇಳುವ ಹೊತ್ತಿಗೆ ಆಟ ಬಹುಪಾಲು ಸಿದ್ಧವಿತ್ತು. ಟೋಬಿ ಫಾಕ್ಸ್ 2013ರಲ್ಲಿ 'ಅಂಡರ್‌ಟೇಲ್'ಗೆ 5,000 ಡಾಲರ್ ಕೇಳುವ ಮೊದಲೇ ಆಡಿ ನೋಡಬಲ್ಲ ಮಾದರಿಯನ್ನು ಬಿಟ್ಟಿದ್ದರು, 51,000 ಬಂತು. ಎಂದರೆ ಇವರು ಕನಸನ್ನಲ್ಲ, ಸರಕನ್ನು ತೋರಿಸಿ ಹಣ ಕೇಳಿದವರು. ನಿಜವಾದ ಅಪವಾದ ಅಬ್ಸಿಡಿಯನ್ ಕಂಪನಿಯದು. ಬರೀ ಮಾತಿನ ಬಲದ ಮೇಲೆ ಸುಮಾರು 40 ಲಕ್ಷ ಡಾಲರ್ ಎತ್ತಿ, 2015ರಲ್ಲಿ 'ಪಿಲ್ಲರ್ಸ್ ಆಫ್ ಎಟರ್ನಿಟಿ' ಎಂಬ ಒಳ್ಳೆಯ ಆಟವನ್ನೇ ಕೊಟ್ಟಿತು. ಅದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳಬೇಕು. ಶೇಫರ್, ಅಬ್ಸಿಡಿಯನ್‌ನ ಫಿಯರ್ಗಸ್ ಅರ್ಕ್‌ಹಾರ್ಟ್, 'ವೇಸ್ಟ್‌ಲ್ಯಾಂಡ್ 2' ಎಂಬ ಆಟಕ್ಕೆ ಹಣ ಎತ್ತಿದ್ದ ಬ್ರಯಾನ್ ಫಾರ್ಗೊ, ಮೂವರೂ 2015ರಲ್ಲಿ ಶುರುವಾದ ಫಿಗ್ ಎಂಬ ಹೊಸ ವೇದಿಕೆಯ ಸಲಹೆಗಾರರಾದರು. ತಮ್ಮ ಮುಂದಿನ ಆಟಗಳನ್ನೂ ಅಲ್ಲಿಗೇ ಒಯ್ದರು. ಅಲ್ಲಿ ವಂತಿಗೆಯ ಜೊತೆಗೆ ಲಾಭದ ಪಾಲಿಗಾಗಿ ಹೂಡಿಕೆಗೂ ಅವಕಾಶವಿತ್ತು. ಪೋಷಕರ ಪ್ರೀತಿಯೊಂದೇ ಸಾಲದೆಂದು ಅದರಲ್ಲಿ ಗೆದ್ದವರಿಗೇ ಅನಿಸಿತ್ತು. 2018ರಲ್ಲಿ ಅಬ್ಸಿಡಿಯನ್ ಮತ್ತು ಫಾರ್ಗೊ ಅವರ ಕಂಪನಿ, 2019ರಲ್ಲಿ ಡಬಲ್ ಫೈನ್ ಮೈಕ್ರೋಸಾಫ್ಟ್‌ನ ತೆಕ್ಕೆ ಸೇರಿದವು. ದೊಡ್ಡ ಕಂಪನಿಗಳ ಹಂಗಿಲ್ಲದೆ ಆಟ ಮಾಡುತ್ತೇವೆ ಎಂದು ಜನರ ಮುಂದೆ ಕೈಚಾಚಿದ ಮೂರೂ ಸಂಸ್ಥೆಗಳ ದಾರಿ ಏಳೇ ವರ್ಷದಲ್ಲಿ ಅಲ್ಲಿಗೆ ಮುಟ್ಟಿತ್ತು.

ಬೋರ್ಡ್ ಗೇಮುಗಳ ಕಥೆ ಇದಕ್ಕೆ ತೀರಾ ತಿರುಗುಮುರುಗು. ಮಣೆಯ ಆಟವನ್ನು ರೂಪಿಸಲು ಬೇಕಾದದ್ದು ಕಾಗದ, ಪೆನ್ಸಿಲ್, ಸಂಜೆಗಳು ಮತ್ತು ತಾಳ್ಮೆಯಿರುವ ಗೆಳೆಯರು. ಖರ್ಚು ಬರುವುದು ಅಚ್ಚಿಗೆ, ರಟ್ಟಿನ ಪೆಟ್ಟಿಗೆಗೆ, ಪ್ಲಾಸ್ಟಿಕ್ ಗೊಂಬೆಗಳಿಗೆ, ಹಡಗಿಗೆ. ಕಾರ್ಖಾನೆ ಸಾವಿರ ಪ್ರತಿಗಿಂತ ಕಡಿಮೆಗೆ ಯಂತ್ರ ಹೂಡಲು ಒಪ್ಪುವುದು ಕಷ್ಟ. ಹಾಗಾಗಿ ಎಷ್ಟು ಜನ ಕೊಳ್ಳುತ್ತಾರೆಂದು ಮೊದಲೇ ತಿಳಿಯುವುದು ಇಲ್ಲಿ ಜೀವನ್ಮರಣದ ಪ್ರಶ್ನೆ. ನಮ್ಮ ಪ್ರಕಾಶಕರು ದಪ್ಪ ಗ್ರಂಥಗಳಿಗೆ ಪ್ರಕಟಣಪೂರ್ವ ಬೆಲೆ ಸಾರಿ ಹಣ ಕೂಡಿಸುವುದೂ ಇದೇ ಕಾರಣಕ್ಕೆ. ಯುದ್ಧದ ಆಟಗಳನ್ನು ತಯಾರಿಸುವ ಕ್ಯಾಲಿಫೋರ್ನಿಯಾದ ಜಿಎಂಟಿ ಕಂಪನಿ ಕಿಕ್‌ಸ್ಟಾರ್ಟರ್ ಹುಟ್ಟುವ ಮೊದಲೇ ಈ ಪದ್ಧತಿ ಹಿಡಿದಿತ್ತು: 500 ಜನ ಹೆಸರು ಕೊಟ್ಟರೆ ಆಟ ಅಚ್ಚಿನ ಸಾಲಿಗೆ ಸೇರುತ್ತದೆ, ಅಚ್ಚಿಗೆ ಹೋಗುವ ತನಕ ಹಣ ಮುರಿದುಕೊಳ್ಳುವುದಿಲ್ಲ. ಈ ವಹಿವಾಟಿಗೆ ಕಿಕ್‌ಸ್ಟಾರ್ಟರ್ ಸಿಕ್ಕಿದ್ದು ಸಂತೆಗೆ ಹೆದ್ದಾರಿ ಸಿಕ್ಕಂತಾಯಿತು. ಐಸಾಕ್ ಚಿಲ್ಡ್ರೆಸ್ ಅವರ 'ಗ್ಲೂಮ್‌ಹೇವನ್' ನೋಡಿ. ಮೊದಲ ಅಚ್ಚಿಗೆ 2015ರಲ್ಲಿ ಹಣ ಎತ್ತಿದ ಆ ಆಟ, 2017ರಲ್ಲಿ ಎರಡನೆಯ ಅಚ್ಚಿಗೆ ಮತ್ತೆ ಅಲ್ಲಿಗೇ ಬಂದು ಸುಮಾರು 40 ಲಕ್ಷ ಡಾಲರ್ ಗಳಿಸಿತು. ಅಚ್ಚಾಗಿ, ವಿಮರ್ಶೆಗೊಳಗಾಗಿ, ಹೆಸರು ಮಾಡಿದ ಸರಕಿಗೆ ಪೋಷಕರೇಕೆ? ಅಲ್ಲಿ ಇದ್ದದ್ದು ಗಿರಾಕಿಗಳು, ಮುಂಗಡ ಕೊಟ್ಟ ಗಿರಾಕಿಗಳು.

ಹಾಗಾದರೆ ಅಂಗಡಿಯಾಗಿದ್ದರಿಂದ ಹೊಸಬರಿಗೆ ಬಾಗಿಲು ಮುಚ್ಚಿತೇ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. 2015ರಲ್ಲಿ 'ಎಕ್ಸ್‌ಪ್ಲೋಡಿಂಗ್ ಕಿಟನ್ಸ್' ಎಂಬ ಇಸ್ಪೀಟಿನಂಥ ಆಟ 10,000 ಡಾಲರ್ ಕೇಳಿದಾಗ 2,19,000 ಜನ 87 ಲಕ್ಷ ಡಾಲರ್ ಸುರಿದದ್ದಕ್ಕೆ, ಅದರ ಚಿತ್ರ ಬರೆದ ಮ್ಯಾಥ್ಯೂ ಇನ್ಮನ್ ಆಗಲೇ ಇಂಟರ್‌ನೆಟ್ಟಿನಲ್ಲಿ ಪ್ರಸಿದ್ಧ ವ್ಯಂಗ್ಯಚಿತ್ರಕಾರರಾಗಿದ್ದದ್ದೂ ಕಾರಣ. ಆದರೆ ಹೆಸರಿನ ಹಿಂದೆ ಹೋಗುವ ಚಾಳಿ ಪೋಷಕರಲ್ಲಿ ಇನ್ನೂ ಹೆಚ್ಚು. ತೋರಿಸಲು ಸರಕಿಲ್ಲದಾಗ ನಂಬಲು ಉಳಿಯುವುದು ಹೆಸರೊಂದೇ. 'ಮೆಗಾ ಮ್ಯಾನ್' ಖ್ಯಾತಿಯ ಕೇಜಿ ಇನಾಫುನೆ ಅವರ ಹೆಸರು ನಂಬಿ ಜನ 38 ಲಕ್ಷ ಡಾಲರ್ ಕೊಟ್ಟ 'ಮೈಟಿ ನಂ. 9' ಎಂಬ ವಿಡಿಯೋ ಗೇಮ್ ಮತ್ತೆ ಮತ್ತೆ ಮುಂದಕ್ಕೆ ಹೋಗಿ 2016ರಲ್ಲಿ ಬಂದು, ಹೆಚ್ಚಿನವರನ್ನು ನಿರಾಸೆಗೊಳಿಸಿತು.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಅಂಗಡಿ ಎಂದ ಮೇಲೆ ಅಂಗಡಿಯ ಹೊಣೆ ಎಲ್ಲಿ? 2012ರಲ್ಲಿ 'ದ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ' ಎಂಬ ಬೋರ್ಡ್ ಗೇಮ್ ಹೆಸರಿನಲ್ಲಿ 1,246 ಜನರಿಂದ 1,22,000 ಡಾಲರ್ ಕೂಡಿತ್ತು. ಆಟ ರೂಪುಗೊಂಡಿತ್ತು, ಆದರೆ ಹಣ ಎತ್ತಿದವನು ಆ ಹಣವನ್ನು ಮನೆ ಬಾಡಿಗೆಗೂ ಸ್ವಂತ ಖರ್ಚಿಗೂ ಬಳಸಿದನೆಂಬುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪ. 2015ರ ಈ ಪ್ರಕರಣವೇ ಕ್ರೌಡ್‌ಫಂಡಿಂಗ್ ಕುರಿತು ಕಮಿಷನ್ ಕೈಗೆತ್ತಿಕೊಂಡ ಮೊದಲನೆಯದು. 1,11,000 ಡಾಲರಿನ ಆದೇಶವಾಯಿತು, ಆತನಿಗೆ ತೆರುವ ಶಕ್ತಿಯಿಲ್ಲವೆಂದು ವಸೂಲಿ ನಿಂತಿತು. ಆಟದ ಪೆಟ್ಟಿಗೆ ಜನರ ಕೈಸೇರಿದ್ದು ಕ್ರಿಪ್ಟೊಜೋಯಿಕ್ ಎಂಬ ಬೇರೊಂದು ಕಂಪನಿ ಅದನ್ನು ಅಚ್ಚು ಹಾಕಿಸಿದ್ದರಿಂದ. ಈ ಪ್ರಕರಣ ನನ್ನ ವಾದವನ್ನು ಕೆಡವುವುದಿಲ್ಲ, ಅದಕ್ಕೆ ಒಂದು ಷರತ್ತು ಸೇರಿಸುತ್ತದೆ: ಸರಕು ಸಿದ್ಧವಿದ್ದರೆ ಸಾಲದು, ಮುಂಗಡ ಯಾವಾಗ ಕೈಬದಲಾಗುತ್ತದೆ ಎಂಬುದೂ ಮುಖ್ಯ. ಅಚ್ಚಿಗೆ ಹೋಗುವ ತನಕ ಹಣ ಮುಟ್ಟದ ಜಿಎಂಟಿಯ ಹಳೆಯ ಎಚ್ಚರವನ್ನು ಕಿಕ್‌ಸ್ಟಾರ್ಟರ್ ಬಿಟ್ಟುಕೊಟ್ಟಿತ್ತು.

ಗಡಿ ದಾಟುವ ಮುಂಗಡ ವ್ಯಾಪಾರಕ್ಕೆ ಇನ್ನೊಂದು ಅಪಾಯ 2025ರ ಏಪ್ರಿಲ್‌ನಲ್ಲಿ ಎದುರಾಯಿತು. ಚೀನಾದ ಸರಕುಗಳ ಮೇಲೆ ಅಮೆರಿಕದ ಸುಂಕ ಶೇ. 145ಕ್ಕೆ ಏರಿತು, ಬೋರ್ಡ್ ಗೇಮುಗಳಲ್ಲಿ ಹೆಚ್ಚಿನವು ಅಚ್ಚಾಗುವುದು ಅಲ್ಲೇ. ಸಾಮಾನ್ಯ ಅಂಗಡಿಯವನು ಮರುದಿನ ಬೆಲೆ ಏರಿಸಬಹುದಿತ್ತು. ವರ್ಷದ ಹಿಂದೆಯೇ ಬೆಲೆ ಗೊತ್ತುಮಾಡಿ ಹಣ ಪಡೆದಿದ್ದವರ ಪೆಟ್ಟಿಗೆಗಳು ಆಗ ಇನ್ನೂ ಕಾರ್ಖಾನೆಯಲ್ಲೋ ಹಡಗಿನಲ್ಲೋ ಇದ್ದವು.