ಹೊಸ ಪೇಟೆಯ ಹಳೆಯ ಸಂತೆ

ಊರು ಬದಲಾಯಿಸಿದವನಿಗೆ ಮೊದಲು ಬೇಕಾಗುವುದು ಸಂತೆಯ ದಾರಿ. ವರ್ಗವಾಗಿ ಬಂದ ಉಪಾಧ್ಯಾಯನಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಪೆಟ್ಟಿಗೆ ಗಂಟುಗಳನ್ನು ಇಳಿಸಿ ಒಲೆ ಹಚ್ಚುವ ಹೊತ್ತಿಗೆ ಮನೆಯಾಕೆ ಕೇಳುವ ಪ್ರಶ್ನೆಗಳು ಎರಡೇ: ನೀರು ಎಲ್ಲಿ? ಕಾಯಿಪಲ್ಯ ಎಲ್ಲಿ? ಸಂಡೂರು ಸೀಮೆಯ ಬಂಡ್ರಿಗೆ ನಾನು ಬಂದಾಗಲೂ ಹೀಗೆಯೇ ಆಯಿತು. ಊರಿನ ಗುಡಿ ಗೋಪುರಗಳ ಪರಿಚಯವಾದದ್ದು ಆಮೇಲೆ.

ಒಂದು ದಿನ ತರಗತಿಯಲ್ಲಿ ವಿಜಯನಗರದ ಪಾಠ ನಡೆದಿತ್ತು. ಮುತ್ತು ರತ್ನಗಳನ್ನು ಬಹಿರಂಗವಾಗಿ ಬೀದಿಯಲ್ಲಿಟ್ಟು ಮಾರುತ್ತಿದ್ದರೆಂದು ಎಂದಿನಂತೆ ಹೇಳಿದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, “ಸಾರ್, ಮತ್ತ ಬದನಿಕಾಯಿ ಎಲ್ಲಿ ಮಾರ್ತಿದ್ರು?” ಎಂದ. ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಬಹಳ ವರ್ಷ ಆ ಪಾಠ ಹೇಳಿದ್ದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು, ನನ್ನ ಹಾಗೆಯೇ ಹೊಸ ಊರಿಗೆ ಬಂದವರ ಬರೆಹಗಳಲ್ಲಿ. ನಮ್ಮ ಶಾಸನಗಳು ದಾನ ದತ್ತಿಗಳನ್ನು ಹೇಳುತ್ತವೆ. ನಮ್ಮ ಕಾವ್ಯಗಳು ಪುರವರ್ಣನೆ ಮಾಡುತ್ತವೆ. ಆದರೆ ಹುಟ್ಟಿ ಬೆಳೆದ ಊರಿನಲ್ಲಿ ಕೋಳಿಯ ಬೆಲೆಯನ್ನು ಬರೆದಿಡಬೇಕೆಂದು ಯಾರಿಗೆ ತಾನೆ ತೋಚೀತು? ಅದು ತೋಚುವುದು ಕೊಂಡು ತಿನ್ನಬೇಕಾದ ಪರಸ್ಥಳದವನಿಗೆ. 1443ರಲ್ಲಿ ಹೆರಾತಿನ ಷಾರುಖನ ರಾಯಭಾರಿಯಾಗಿ ಇಮ್ಮಡಿ ದೇವರಾಯನ ಬಳಿಗೆ ಬಂದ ಅಬ್ದುರ್ ರಜಾಕ್, ರತ್ನಪಡಿ ವ್ಯಾಪಾರಿಗಳನ್ನು ಕಂಡಂತೆಯೇ ಗುಲಾಬಿ ಮಾರುವವರನ್ನೂ ಕಂಡ. ಈ ಊರಿನ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಅವಶ್ಯಕವೆಂದು ಆತ ಬೆರಗಾದ.

ತರಕಾರಿ ಮಾಂಸಗಳ ವಿವರ ಬೇಕಾದರೆ ಇಬ್ಬರು ಪೋರ್ಚುಗೀಸರನ್ನು ಕೇಳಬೇಕು. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಬಂದವನು ಡೊಮಿಂಗೋ ಪಾಯಸ್. 1535ರ ಸುಮಾರಿಗೆ, ಅಚ್ಯುತರಾಯನ ಕಾಲದಲ್ಲಿ, ಇಲ್ಲಿದ್ದವನು ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್. ಇವರ ಬರೆಹಗಳು ಬಹುಕಾಲ ಪ್ಯಾರಿಸಿನ ಗ್ರಂಥಭಂಡಾರದಲ್ಲಿ ಮಲಗಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸಿವೆಲ್ ಅವನ್ನು ಇಂಗ್ಲಿಷಿಗೆ ತಂದರು.

ಪಾಯಸನ ಹೆಸರಿನಂತೆ ಅವನ ಕಣ್ಣೂ ಅಡುಗೆಮನೆಯದೇ. ಒಂದು ಬೀದಿಯಲ್ಲಿ ದಿನವೂ ಸಂಜೆ ಸಂತೆ ಕೂಡುತ್ತದೆ; ಅಲ್ಲಿ ಸಾಮಾನ್ಯ ಕುದುರೆಗಳ ಜೊತೆಗೆ ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ಕಾಯಿಪಲ್ಯ, ಸೌದೆ ಎಲ್ಲವೂ ಉಂಟು. ಇನ್ನೊಂದೆಡೆ ಶುಕ್ರವಾರದ ಸಂತೆ. ಅಲ್ಲಿ ಹಂದಿ, ಕೋಳಿ, ಸಮುದ್ರದಿಂದ ಬಂದ ಒಣಮೀನು. ಹೀಗೆ ಪ್ರತಿದಿನವೂ ಊರಿನ ಒಂದಲ್ಲ ಒಂದು ಭಾಗದಲ್ಲಿ ಸಂತೆ ಇದ್ದೇ ಇರುತ್ತಿತ್ತು. ಬೀದಿ ಬೀದಿಯಲ್ಲಿ ಕುರಿಮಾಂಸ ಮಾರುವವರಿದ್ದರು. ಒಂದು ಹಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ. ಅವನು ‘ಫಣಂ’ ಎಂದು ಬರೆದದ್ದು ನಮ್ಮ ‘ಹಣ’ವೇ, ಇಂದು ಸಂಪತ್ತಿಗೆಲ್ಲ ಹೆಸರಾದ ಈ ಮಾತು ಅಂದು ಒಂದು ಚಿಕ್ಕ ಚಿನ್ನದ ನಾಣ್ಯದ ಹೆಸರಾಗಿತ್ತು. ಹುರುಳಿ ಹೆಸರು ಮೊದಲಾದ ಕಾಳುಗಳು ಸಾಮಾನ್ಯರ ಆಹಾರ, ಅಗ್ಗವಾಗಿ ಸಿಗುತ್ತವೆ. ಗೋಧಿಯನ್ನು ಮುಸಲ್ಮಾನರಲ್ಲದೆ ಬೇರೆಯವರು ಉಣ್ಣುವುದಿಲ್ಲ ಎಂದೂ ಅವನು ಗುರುತು ಹಾಕಿಕೊಂಡಿದ್ದಾನೆ. ದಿನವೂ ಬರುವ ನಿಂಬೆಯ ಹೇರುಗಳನ್ನು, ಸಿಹಿ ಹುಳಿ ಕಿತ್ತಳೆಗಳನ್ನು ಹೇಳಿದ ಮೇಲೆ ಅವನ ಪಟ್ಟಿಯಲ್ಲಿ ಬರುವ ಕಾಯಿ ಯಾವುದು ಗೊತ್ತೆ? ಬದನೆ! ಮರುದಿನವೇ ಆ ಹುಡುಗನನ್ನು ಕರೆದು ಹೇಳಿದೆ.

ನೂನಿಜನ ಪಟ್ಟಿ ಇನ್ನೂ ದೊಡ್ಡದು. ಕುರಿ, ಹಂದಿ, ಜಿಂಕೆ, ಮೊಲ, ಕೌಜುಗ, ಪಾರಿವಾಳಗಳಲ್ಲದೆ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯ ಜಾತಿಯವೂ ಪೇಟೆಯಲ್ಲಿ ಮಾರಾಟಕ್ಕಿದ್ದವಂತೆ. ದನದ ಮಾಂಸ ಮಾತ್ರ ಇಲ್ಲ. ಇವನ್ನೆಲ್ಲ ಅರಸರೇ ಉಣ್ಣುತ್ತಿದ್ದರೆಂಬ ಅವನ ಮಾತನ್ನು ಹಾಗೆಯೇ ನಂಬಬೇಕಾಗಿಲ್ಲ. ಪೇಟೆಯಲ್ಲಿ ಕಂಡದ್ದನ್ನು ನಂಬಬಹುದು. ಬೇಟೆಯ ಪ್ರಾಣಿಗಳನ್ನು ಜೀವಂತವಾಗಿಯೇ ಮಾರಬೇಕು, ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆಂದು ತಿಳಿಯಬೇಕು ಎಂಬ ಕಟ್ಟಳೆ ಇತ್ತೆಂದೂ ಅವನು ಹೇಳುತ್ತಾನೆ. ಗೃಹಿಣಿಯರೇ, ನಿಮ್ಮ ಪರವಾದ ಕಾನೂನು ಎಷ್ಟು ಹಳೆಯದು ನೋಡಿ!

ಇಷ್ಟೆಲ್ಲ ಸಾಮಾನು ಬಂದದ್ದು ಎಲ್ಲಿಂದ? ಊರೊಳಗೆ ಏನೂ ಬೆಳೆಯುವುದಿಲ್ಲ, ಎಲ್ಲವೂ ಹೊರಗಿನಿಂದ ಹೇರೆತ್ತುಗಳ ಮೇಲೆ ಬರುತ್ತದೆ ಎನ್ನುತ್ತಾನೆ ನೂನಿಜ್. ದಿನಕ್ಕೆ 2,000 ಎತ್ತುಗಳು ಬಾಗಿಲುಗಳನ್ನು ದಾಟುತ್ತಿದ್ದವು, ಪ್ರತಿಯೊಂದಕ್ಕೂ ಸುಂಕ. ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲೆಲ್ಲೂ ಸುಂಕವಿರಲಿಲ್ಲ. ಹೆಬ್ಬಾಗಿಲಿನ ಗುತ್ತಿಗೆಯೊಂದೇ ವರ್ಷಕ್ಕೆ 12,000 ವರಾಹ. ಈಗ ಬೆಲೆಗಳನ್ನು ಮತ್ತೊಮ್ಮೆ ನೋಡಿ. ಪಾಯಸನ ಲೆಕ್ಕದಲ್ಲಿ ಊರೊಳಗೆ ಮೂರು ಕೋಳಿ ಬರುವ ನಾಣ್ಯಕ್ಕೆ ಊರ ಹೊರಗೆ ನಾಲ್ಕು. ನೂನಿಜನ ಲೆಕ್ಕದಲ್ಲಿ ಒಂದು ವರಾಹಕ್ಕೆ ಪೇಟೆಯಲ್ಲಿ ಹನ್ನೆರಡು ಕುರಿ, ಗುಡ್ಡದ ಕಡೆ ಹದಿನಾಲ್ಕು ಹದಿನೈದು. ನಡುವಿನ ಆ ಎರಡು ಮೂರು ಕುರಿಗಳು ಎಲ್ಲಿ ಹೋದವು? ದಾರಿಯ ಖರ್ಚಿಗೆ, ಬಾಗಿಲಿನ ಸುಂಕಕ್ಕೆ ಎಂಬುದು ನನ್ನ ಊಹೆ. ಭೂಮಿಯ ಒಡೆಯರ ದಬ್ಬಾಳಿಕೆಯಿಂದ ಸಾಮಾನ್ಯ ಜನ ಬಹಳ ಕಷ್ಟಪಡುತ್ತಿದ್ದರೆಂದು ಹೇಳಿದವನೂ ಇದೇ ನೂನಿಜ್. ಪೇಟೆಯ ಸುಭಿಕ್ಷವನ್ನು ಹೊಗಳುವಾಗ, ಅದನ್ನು ಹೊತ್ತು ತಂದವರ ಬೆನ್ನನ್ನೂ ನೆನೆಯಬೇಕಲ್ಲವೆ?

ಕೃಷ್ಣದೇವರಾಯ ರಾಜಧಾನಿಯ ಪಕ್ಕದಲ್ಲಿ ನಾಗಲಾಪುರವೆಂಬ ಹೊಸ ಊರು ಕಟ್ಟಿಸಿದ. ಅದೇ ಇಂದಿನ ಹೊಸಪೇಟೆ, 2021ರಿಂದ ವಿಜಯನಗರ ಜಿಲ್ಲೆಯ ಮುಖ್ಯ ಪಟ್ಟಣ. ಅಲ್ಲಿಂದ ರಾಜಧಾನಿಯವರೆಗೆ ಅಗಲವಾದ ದಾರಿ, ಇಕ್ಕೆಲಗಳಲ್ಲಿ ಮನೆ ಅಂಗಡಿಗಳ ಸಾಲು, ನಡೆಯುವವರಿಗೆ ನೆರಳಾಗಲೆಂದು ಅರಸನು ನೆಡಿಸಿದ ಮರಗಳು: ಇದು ಪಾಯಸ್ ಕಂಡ ನೋಟ.

1565ರಲ್ಲಿ ತಾಳಿಕೋಟೆಯ ಯುದ್ಧವಾಯಿತು. 1567ರಲ್ಲಿ ಇಲ್ಲಿಗೆ ಬಂದ ವೆನಿಸಿನ ಸೀಸರ್ ಫೆಡರಿಚಿ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ. ಹುಲಿ ಮೊದಲಾದ ಕಾಡುಮೃಗಗಳು ಅವುಗಳಲ್ಲಿ ಸೇರಿವೆಯಂತೆ ಎಂದು ಬರೆದ. ಎಲ್ಲವೂ ಹೊರಗಿನಿಂದಲೇ ಬರಬೇಕಾದ ಊರಿಗೆ ಎತ್ತು ಬರುವುದು ನಿಂತರೆ ಅಲ್ಲಿಗೆ ಬಾಳು ಮುಗಿಯಿತು. ಕಲ್ಲು ಉಳಿಯಿತು, ಸಂತೆ ಉಳಿಯಲಿಲ್ಲ. ಎಷ್ಟೋ ಕಾಲದ ಮೇಲೆ ವಿರೂಪಾಕ್ಷನ ಬೀದಿಯ ಮಂಟಪಗಳಲ್ಲಿ ಮತ್ತೆ ಜನ ಒಲೆ ಹೂಡಿದರು, ಅಂಗಡಿ ಇಟ್ಟರು. ಸ್ಮಾರಕಗಳ ರಕ್ಷಣೆಗೆಂದು 2011ರಲ್ಲಿ ಅವರನ್ನೂ ಎಬ್ಬಿಸಲಾಯಿತು. ಆದರೆ ನಾಗಲಾಪುರದ ಕಥೆ ಬೇರೆ. ಅರಸನಿಟ್ಟ ಹೆಸರನ್ನು ಜನ ಮರೆತರು. ತಾವಿಟ್ಟ ಹೆಸರನ್ನು ಉಳಿಸಿಕೊಂಡರು. ಅರಮನೆಯ ಹೆಸರಲ್ಲ, ಗುಡಿಯ ಹೆಸರಲ್ಲ, ಪೇಟೆ! ಐನೂರು ವರ್ಷ ಹಳೆಯದಾದರೂ ಅದು ಇನ್ನೂ ‘ಹೊಸ’ ಪೇಟೆಯೇ.

ಮುಂದಿನ ಸಲ ಹಂಪಿಗೆ ಹೋದಾಗ ಹಜಾರರಾಮನ ಗುಡಿಯಿಂದ ಹೊರಟ ದಾರಿಯಲ್ಲಿ ಸ್ವಲ್ಪ ನಡೆಯಿರಿ. ಇಮ್ಮಡಿ ದೇವರಾಯ 1426ರಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಿದ್ದು ಅಲ್ಲಿಯೇ. ಅದು ಎಲೆ ಅಡಿಕೆ ಮಾರುವ ಬೀದಿಯೆಂದು ಅವನ ಶಾಸನವೇ ಹೇಳುತ್ತದೆ. ಅಲ್ಲಿ ಒಂದು ಗಳಿಗೆ ನಿಂತು, ನಮ್ಮ ಹುಡುಗನ ಪ್ರಶ್ನೆಯನ್ನು ನಿಮ್ಮ ಮಕ್ಕಳಿಗೂ ಕೇಳಿ. ಆಮೇಲೆ ಮನೆಗೆ ಮರಳುವ ದಾರಿಯಲ್ಲಿ ಹೊಸಪೇಟೆಯಲ್ಲಿಳಿದು ಒಂದಿಷ್ಟು ಬದನೆಕಾಯಿ ಕೊಳ್ಳಿರಿ.