ಬೀಜಿಂಗ್ ಮ್ಯೂಸಿಯಂನ ಬೇಲಿ

ಬೀಜಿಂಗ್‌ನಲ್ಲಿರುವ ಚೀನಾದ ರಾಷ್ಟ್ರೀಯ ಕಲಾ ಮ್ಯೂಸಿಯಂ ನೋಡೋಕೆ ಹಳೇ ಕಾಲದ ದೇಗುಲದ ಹಾಗಿದೆ. ಹಳದಿ ಹೆಂಚು, ಒಂದರ ಮೇಲೊಂದು ಏರುವ ಚಾವಣಿ. ಆದರೆ ವಯಸ್ಸೇನೂ ಜಾಸ್ತಿಯಿಲ್ಲ. ಹೊಸ ಚೀನಾಕ್ಕೆ ಹತ್ತು ವರ್ಷ ತುಂಬುವ ಸಂಭ್ರಮಕ್ಕೆಂದು 1958ರಲ್ಲಿ ಕೆಲಸ ಶುರುವಾಗಿ, 1962ರಲ್ಲಿ ಮುಗಿದು, 1963ರಲ್ಲಿ ಬಾಗಿಲು ತೆರೆಯಿತು. ವಾಸ್ತುಶಿಲ್ಪಿ ದಾಯ್ ನಿಯಾನ್‌ಸಿ ಮಾದರಿಗೆ ಇಟ್ಟುಕೊಂಡಿದ್ದು ದುನ್‌ಹುವಾಂಗ್ ಗುಹೆಗಳ ಒಂಬತ್ತು ಅಂತಸ್ತಿನ ಗೋಪುರವನ್ನು. ಹೆಸರಿನ ಫಲಕಕ್ಕೆ ಅಕ್ಷರ ಬರೆದುಕೊಟ್ಟವರು ಸ್ವತಃ ಮಾವೋ.

ಇಂಥ ಕಟ್ಟಡದ ಗೋಡೆಗೆ ಯಾವ ಚಿತ್ರ ಹಾಕಬೇಕು ಅಂತ ತೀರ್ಮಾನಿಸೋರು ಯಾರು? ಇದರ ಕಥೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತವೇ ಇದೆ.

1974ರಲ್ಲಿ, ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ, ಇಲ್ಲೊಂದು ವಿಚಿತ್ರ ಪ್ರದರ್ಶನ ನಡೆಯಿತು. ಹೆಸರು ‘ಕಪ್ಪು ಚಿತ್ರಗಳು’. ಜನ ನೋಡಿ ಮೆಚ್ಚಲಿ ಅಂತಲ್ಲ, ಬೈಯಲಿ ಅಂತ! ಹುವಾಂಗ್ ಯೋಂಗ್‌ಯು ಬರೆದ ಗೂಬೆಯೊಂದು ಅಲ್ಲಿತ್ತು. ಒಂದು ಕಣ್ಣು ತೆರೆದಿದೆ, ಇನ್ನೊಂದು ಮುಚ್ಚಿದೆ. ಕ್ರಾಂತಿಯನ್ನು ಕಂಡೂ ಕಾಣದ ಹಾಗೆ ಅಣಕಿಸ್ತಿದ್ದಾನೆ ಅಂತ ಆರೋಪ. ನಮ್ಮಲ್ಲಿ ಮಾತಿಗೆ ‘ಗೂಬೆ ಕೂರಿಸೋದು’ ಅಂತೀವಲ್ಲ, ಅಲ್ಲಿ ನಿಜವಾದ ಗೂಬೆಯನ್ನೇ ಕೂರಿಸಿದರು ನೋಡಿ.

ಮಾವೋ 1976ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ, ಗಣರಾಜ್ಯಕ್ಕೆ ಮೂವತ್ತು ತುಂಬಿದ ಹಬ್ಬಕ್ಕೆ ಮ್ಯೂಸಿಯಂ ಒಳಗೆ ಸರ್ಕಾರಿ ಪ್ರದರ್ಶನ ನಡೀತಿತ್ತು. 1979ರ ಸೆಪ್ಟೆಂಬರ್ 27ರಂದು ಒಂದಷ್ಟು ಯುವಕ ಯುವತಿಯರು ಪಕ್ಕದ ಪುಟ್ಟ ಪಾರ್ಕಿನಲ್ಲಿ, ಮ್ಯೂಸಿಯಂನ ಬೇಲಿಯ ಮೇಲೇ ತಮ್ಮ ಚಿತ್ರ, ಶಿಲ್ಪ ತೂಗುಹಾಕಿದರು. ‘ತಾರೆಗಳು’ ಅಂತ ಕರೆದುಕೊಂಡ ಈ ಗುಂಪಿನ ಬಹುತೇಕರು ಕಲಾಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎರಡೇ ದಿನಕ್ಕೆ ಪೊಲೀಸರು ಬಂದು ನಿಲ್ಲಿಸಿದರು. ಅಕ್ಟೋಬರ್ 1ರಂದು, ರಾಷ್ಟ್ರೀಯ ದಿನದಂದೇ, ಕಲಾವಿದರು ಮೆರವಣಿಗೆ ಹೊರಟರು. ಪೋಲಿಯೋದಿಂದ ಕಾಲು ಸೋತಿದ್ದ ಮಾ ದೆಶೆಂಗ್ ಊರುಗೋಲಿನ ಮೇಲೆ ಮುಂದೆ ನಡೆದರು.

ಮರುವರ್ಷ ಆಗಸ್ಟ್‌ನಲ್ಲಿ ಅದೇ ‘ತಾರೆಗಳು’ ಅದೇ ಮ್ಯೂಸಿಯಂ ಒಳಗೆ! ಒಪ್ಪಿಗೆ ಕೊಟ್ಟವರು ಕಲಾವಿದರ ಸಂಘದ ಅಧ್ಯಕ್ಷ ಜಿಯಾಂಗ್ ಫೆಂಗ್. 1957ರಲ್ಲಿ ‘ಬಲಪಂಥೀಯ’ ಅನ್ನೋ ಹಣೆಪಟ್ಟಿ ಹಚ್ಚಿಸಿಕೊಂಡು ವರ್ಷಗಟ್ಟಲೆ ಮೂಲೆಗುಂಪಾಗಿದ್ದ ಮನುಷ್ಯ ಅವರು. ಹೊರಗೆ ನಿಲ್ಲೋದು ಅಂದರೇನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೋಡೋಕೆ ಹತ್ತಾರು ಸಾವಿರ ಜನ ಬಂದರು. ಅಲ್ಲಿದ್ದ ವಾಂಗ್ ಕೆಪಿಂಗ್‌ರ ‘ಆರಾಧ್ಯ ಮೂರ್ತಿ’ ಅನ್ನೋ ಮರದ ಶಿಲ್ಪದಲ್ಲಿ ಜನರಿಗೆ ಕಂಡಿದ್ದು ಮಾವೋ ಮುಖ. ಬಾಗಿಲಿನ ಮೇಲೆ ಮಾವೋ ಅಕ್ಷರ, ಒಳಗೆ ಈ ಶಿಲ್ಪ.

ಹಾಗಂತ ತೆರೆದ ಬಾಗಿಲು ತೆರೆದೇ ಇರಲಿಲ್ಲ. 1989ರ ಫೆಬ್ರವರಿ 5ರಂದು ಇಲ್ಲಿ ಹೊಸ ಅಲೆಯ ಕಲೆಯ ದೊಡ್ಡ ಪ್ರದರ್ಶನ ಶುರುವಾಯಿತು. ಅದರ ಲಾಂಛನ, ‘ಯೂ-ಟರ್ನ್ ಇಲ್ಲ’ ಅನ್ನೋ ರಸ್ತೆಯ ಫಲಕ. ಶ್ಯಾವೋ ಲು ಎಂಬ ಕಲಾವಿದೆ ತನ್ನದೇ ಕಲಾಕೃತಿಗೆ ಪಿಸ್ತೂಲಿನಿಂದ ಎರಡು ಗುಂಡು ಹೊಡೆದರು. ಕೆಲವೇ ಗಂಟೆಗಳಲ್ಲಿ ಪ್ರದರ್ಶನ ಬಂದ್. ಕೆಲವು ದಿನಗಳ ನಂತರ ಮತ್ತೆ ತೆರೆದರೂ ಅದು ನೆಮ್ಮದಿಯಾಗಿ ನಡೆಯಲಿಲ್ಲ. ನಾಲ್ಕು ತಿಂಗಳಿಗೆ ತಿಯಾನನ್‌ಮೆನ್ ಚೌಕಕ್ಕೆ ಟ್ಯಾಂಕುಗಳು ಬಂದವು.

ಇವತ್ತು ಈ ಮ್ಯೂಸಿಯಂ ಸಂಗ್ರಹದಲ್ಲಿ ಲಕ್ಷಕ್ಕೂ ಮೀರಿದ ಕೃತಿಗಳಿವೆ. ಬೀಜಿಂಗ್‌ಗೆ ಹೋದರೆ ಖಂಡಿತ ನೋಡಿ. ಒಳಗೆ ಹೋಗೋ ಮುಂಚೆ ಪೂರ್ವದ ಕಡೆ ಒಂದು ಸುತ್ತು ಹಾಕಿ. ಆ ಎರಡು ದಿನದ ಪ್ರದರ್ಶನ ನಡೆದಿದ್ದು ಅಲ್ಲೇ.