ಗೋಡೆಯ ಮೇಲಿನ ಕೆಮ್ಮಣ್ಣು

ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಅದರ ಕಲ್ಲುಗೋಡೆಯ ಮೇಲೆ ರಾಮಾಯಣದ ಕತೆ ಇದೆ. ದುಡ್ಡು ಹಾಕಿದ ವ್ಯಾಪಾರಿಯ ಹೆಸರು ಗುಡಿಗೇ ಅಂಟಿಕೊಂಡಿದೆ. ಉಳಿ ಹಿಡಿದವನ ಹೆಸರು ಮಾತ್ರ ಊರವರ ಬಾಯಲ್ಲಿಲ್ಲ. ಇದೇ ಸೀಮೆಯ ಕಾವಿ ಕಲೆಯ ಹಣೆಬರಹವೂ ಹೆಚ್ಚುಕಡಿಮೆ ಇಷ್ಟೇ.

ಕಾವಿ ಅಂದರೆ ಕೆಮ್ಮಣ್ಣು. ಭಟ್ಕಳ, ಹೊನ್ನಾವರ, ಕುಮಟೆ ಕಡೆಯ ಹಳೆಯ ಗುಡಿಗಳಲ್ಲಿ ರಾಮಾಯಣ, ಮಹಾಭಾರತದ ಪ್ರಸಂಗಗಳನ್ನು ಬಿಳಿ ಮತ್ತು ಕೆಂಪು, ಎರಡೇ ಬಣ್ಣದಲ್ಲಿ ಗೋಡೆಗೆ ಇಳಿಸಿದರು. ಇದು ಕುಂಚದ ಕೆಲಸವಲ್ಲ. ಚಿಪ್ಪು ಸುಟ್ಟು ಸುಣ್ಣ ಮಾಡಬೇಕು. ಹೊಳೆಯ ಮರಳು ತೊಳೆದು ಬೆರೆಸಬೇಕು. ಬೆಲ್ಲ ಹಾಕಿ ಎರಡು ವಾರ ಕೊಳೆಸಬೇಕು, ಆಮೇಲೆ ಕುಟ್ಟಬೇಕು, ಬಿರುಕು ಬಿಡದ ಹದ ಬರುವ ತನಕ. ಆ ಗಾರೆಯನ್ನು ಗೋಡೆಗೆ ಮೆತ್ತಿ, ಮೇಲೆ ತೆಳ್ಳಗೆ ಕೆಮ್ಮಣ್ಣಿನ ಲೇಪ ಕೊಟ್ಟು, ಹಸಿ ಇರುವಾಗಲೇ ಉಕ್ಕಿನ ಕಂಟದಿಂದ ಗೀರುತ್ತಾರೆ. ಕೆಂಪನ್ನು ಕೆರೆದಲ್ಲಿ ಒಳಗಿನ ಬಿಳಿ ಕಾಣುತ್ತದೆ. ಕಡೆಗೆ ನೀರು ಚಿಮುಕಿಸಿ, ಹೊಳೆಗಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಾರೆ. ಅರ್ಧ ಗಾರೆಯವನ ಕಸುಬು, ಅರ್ಧ ಕೆತ್ತುವವನ ಕಸುಬು. ದೇವರ ಆಕೃತಿಗಳ ಸುತ್ತಲಿನ ಪಟ್ಟಿಗಳನ್ನು ನೋಡಿ: ಬರೀ ವೃತ್ತ, ಹೆಣಿಗೆ, ಬಳ್ಳಿ. ನಗರದ ಗ್ಯಾಲರಿಗಳು ಅಮೂರ್ತ ಅಂತ ಕರೆಯುವುದನ್ನು ಇವರು ಯಾವ ಹೆಸರೂ ಇಡದೆ ಮಾಡಿದ್ದರು. ನಮಗೆ ಆ ಪಟ್ಟಿಗಳೇ ಹೆಚ್ಚು ಹಿಡಿಸುತ್ತವೆ.

ಈಗ ನಾವು ಕೇಳುವುದು ಇಷ್ಟು. ಚಿಪ್ಪು ಹೆಕ್ಕಿದವರು, ಗೂಡಿನ ಮುಂದೆ ಬೆಂದವರು, ಮಣ್ಣು ಹೊತ್ತವರು ಯಾರು? ಅದು ಅಗ್ರಹಾರದವರ ಕೆಲಸವಂತೂ ಆಗಿರಲಿಲ್ಲ. ಗೋಡೆ ಒಣಗಿದ ಮೇಲೆ ಅದನ್ನು ನೋಡುವ ಹಕ್ಕು ಯಾರಿಗಿತ್ತು? ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಗೆ ಸೇರಿತ್ತು. ಅಲ್ಲಿ ಹರಿಜನ ದೇವಾಲಯ ಪ್ರವೇಶದ ಕಾಯಿದೆ ಬಂದದ್ದು 1947ರಲ್ಲಿ. ಅಲ್ಲಿಯವರೆಗೆ ಅಸ್ಪೃಶ್ಯನಿಗೆ ಗುಡಿಯ ಗೋಡೆಯ ರಾಮಾಯಣ ಇದ್ದೂ ಇಲ್ಲದ್ದು. ಕಾಯಿದೆ ಬಂದ ಮಾರನೇ ದಿನವೇ ಬಾಗಿಲು ತೆರೆಯಿತು ಅಂತ ಯಾರೂ ಭ್ರಮಿಸಬೇಕಾಗಿಲ್ಲ.

ಅಚ್ಚಿನ ಚಿತ್ರದ ಗುಣವೇ ಬೇರೆ. ಗೋಡೆ ಇದ್ದಲ್ಲೇ ಇರುತ್ತದೆ, ಕಾಗದ ನಡೆದುಹೋಗುತ್ತದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ. ಗರ್ಭಗುಡಿಯ ದೇವರು ನಾಲ್ಕು ಕಾಸಿನ ಪಟವಾಗಿ ಗುಡಿಸಲಿಗೂ ಬಂದ. ನಮ್ಮ ಕೇರಿಗಳಿಗೆ ಸೀತೆ, ದ್ರೌಪದಿಯರ ಮುಖ ಕಾಣಿಸಿದ್ದು ಇಂಥ ಪಟ ಮತ್ತು ಬಯಲಾಟ. ಆದರೆ ಇದೇ ಬಣ್ಣದ ಪಟಗಳು, ಆಮೇಲೆ ಸಿಮೆಂಟು, ಹೊಳಪಿನ ಟೈಲ್ಸು, ಎಲ್ಲ ಸೇರಿ ಕಾವಿಯವನ ಕೈಗೆ ಕೆಲಸವಿಲ್ಲದಂತೆ ಮಾಡಿದವು. ಜೀರ್ಣೋದ್ಧಾರದ ಹೆಸರಲ್ಲಿ ಗೋಡೆಗಳೇ ಬಿದ್ದವು.

ಹೊನ್ನಾವರದಲ್ಲಿ ಹುಟ್ಟಿದ ವಿಜ್ಞಾನಿ ಕೃಷ್ಣಾನಂದ ಕಾಮತ್ (1934–2002) ಊರೂರು ತಿರುಗಿ ಈ ಚಿತ್ರಗಳ ಫೋಟೋ ತೆಗೆದು ದಾಖಲಿಸಿದರು. ಅದು ದೊಡ್ಡ ಕೆಲಸ. ದಾಖಲಾಗಬೇಕಾದ ಇನ್ನೊಂದು ಅರ್ಧ ಗೋಡೆಯ ಹೊರಗಿದೆ. ಆ ಸೀಮೆಯ ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಹೋಗಿ ಉಳಿದ ಗೆರೆಗಳನ್ನು ಕಾಗದಕ್ಕೆ ಇಳಿಸಿಕೊಳ್ಳಲಿ. ಬರುವಾಗ ಹೊಳೆದಂಡೆಯಲ್ಲಿ ಚಿಪ್ಪು ತೆಗೆಯುವ ಅಜ್ಜಿಯರನ್ನೂ ಮಾತಾಡಿಸಲಿ, ಸುಣ್ಣ ಸುಡುತ್ತಿದ್ದವರ ಮನೆತನಗಳ ಹೆಸರು ಬರೆದುಕೊಳ್ಳಲಿ.